ಮಗಳಿಗೊಂದು ಪತ್ರ: ಹೆಸರಿಟ್ಟ ತಾಯಂದಿರು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಹೆಸರುಗಳ ಪಟ್ಟಿ ತಲುಪಿತು. ನಿಮ್ಮಪ್ಪ ಒಂದೊಂದನ್ನೇ ಗಟ್ಟಿಯಾಗಿ ಓದಿದರು. ಹನ್ನ ಅಂದರೆ ಕೃಪೆ, ರೂತ್ ಅಂದರೆ ಗೆಳತಿ, ಲೇಯ ಅಂದರೆ ದಣಿದವಳು, ಮರಿಯ ಅಂದರೆ ಕಹಿ. ಕೊನೆಯ ಎರಡಕ್ಕೂ ಅರ್ಥ ಚೆನ್ನಾಗಿಲ್ಲ ಎಂದು ಗೀಟು ಎಳೆದಿದ್ದೀಯ. ಹೆಸರು ನಿಮ್ಮಿಬ್ಬರ ಆಯ್ಕೆ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಸತ್ಯವೇದದ ಹೆಸರುಗಳನ್ನು ಒಂದೊಂದು ಪದದ ಅರ್ಥಕ್ಕೆ ಇಳಿಸಿಬಿಟ್ಟರೆ ತುಂಬಾ ಕಳೆದುಕೊಳ್ಳುತ್ತೇವೆ ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲಿಗೆ, ಪಟ್ಟಿಯನ್ನು ಪೂರ್ತಿ ನಂಬಬೇಡ. ಮರಿಯ ಎಂಬ ಹೆಸರಿನ ಮೂಲದ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಕಹಿ ಎನ್ನುವವರಿದ್ದಾರೆ, ಐಗುಪ್ತದ ಭಾಷೆಯಲ್ಲಿ ‘ಪ್ರಿಯಳು’ ಎಂಬ ಅರ್ಥದ ಪದದಿಂದ ಬಂದಿರಬಹುದು ಎನ್ನುವವರೂ ಇದ್ದಾರೆ. ಲೇಯ ಎಂಬುದಕ್ಕೂ ಹಾಗೆಯೇ, ದಣಿದವಳು ಎಂದು ಕೆಲವರು, ಹಸು ಎಂದು ಇನ್ನು ಕೆಲವರು. ಅವಳ ತಂಗಿ ರಾಹೇಲಳ ಹೆಸರಿಗಂತೂ ಹೆಣ್ಣು ಕುರಿ ಎಂದೇ ಅರ್ಥ. ದನ ಕುರಿ ಸಾಕಿ ಬದುಕುವ ಅವರ ಅಪ್ಪ ಲಾಬಾನನ ಮನೆಯಲ್ಲಿ ಅವು ಮುದ್ದಿನ ಹೆಸರುಗಳೇ ಆಗಿದ್ದಿರಬೇಕು.

ಆದಿಕಾಂಡ 29ನೇ ಅಧ್ಯಾಯ ತೆಗೆದು ನೋಡು. ಅಕ್ಕತಂಗಿಯರಿಬ್ಬರನ್ನೂ ಮದುವೆಯಾದ ಯಾಕೋಬನ ಪ್ರೀತಿಯೆಲ್ಲ ತಂಗಿಯ ಪಾಲಾಗಿರುವಾಗ ಲೇಯ ಒಬ್ಬರ ಹಿಂದೊಬ್ಬರಂತೆ ಗಂಡುಮಕ್ಕಳನ್ನು ಹೆರುತ್ತಾಳೆ. ಮೊದಲನೆಯವನು ರೂಬೇನ್, ‘ನೋಡಿ, ಮಗ!’ ಎಂದು. ಯೆಹೋವನು ನನ್ನ ದುಃಖವನ್ನು ನೋಡಿದನು, ಇನ್ನಾದರೂ ಗಂಡ ನನ್ನನ್ನು ಪ್ರೀತಿಸುತ್ತಾನೆ ಅಂದುಕೊಳ್ಳುತ್ತಾಳೆ. ಎರಡನೆಯವನು ಸಿಮೆಯೋನ್, ನಾನು ಬೇಡವಾದವಳು ಎಂಬುದು ದೇವರ ಕಿವಿಗೆ ಬಿತ್ತು ಎಂದು. ಮೂರನೆಯವನು ಲೇವಿ, ಈಗಲಾದರೂ ಗಂಡ ನನ್ನ ಜೊತೆ ಕೂಡಿಕೊಂಡಾನು ಎಂದು. ಮೂರು ಮಕ್ಕಳನ್ನು ಕರೆದಾಗಲೂ ಆ ಮನೆಯಲ್ಲಿ ಅವಳ ಅದೇ ಹಂಬಲ ಕೇಳಿಸುತ್ತಿತ್ತು. ನಾಲ್ಕನೆಯವನು ಹುಟ್ಟಿದಾಗ ಮಾತ್ರ ಅವಳು ಗಂಡನ ಸುದ್ದಿಯನ್ನೇ ಎತ್ತುವುದಿಲ್ಲ. ‘ಈ ಸಾರಿ ಯೆಹೋವನನ್ನು ಸ್ತುತಿಸುತ್ತೇನೆ’ ಎಂದು ಯೆಹೂದ ಎಂದು ಹೆಸರಿಡುತ್ತಾಳೆ. ದಾವೀದ ಬಂದದ್ದು, ನಮ್ಮ ಕರ್ತನು ಬಂದದ್ದು ಆ ಯೆಹೂದನ ವಂಶದಲ್ಲಿ. ಯೆಹೂದ್ಯ ಎಂಬ ಜನಾಂಗದ ಹೆಸರೂ ಅಲ್ಲಿಂದಲೇ ಹುಟ್ಟಿತು. ಗಂಡ ಒಲಿಯದ ಹೆಂಗಸೊಬ್ಬಳು ಬಾಣಂತಿ ಹಾಸಿಗೆಯಲ್ಲಿ ಆಡಿದ ಮಾತು ಅದು. ನೀನು ಗೀಟು ಎಳೆದ ಲೇಯ ಇವಳೇ, ಮಗಳೇ.

ಅದೇ ಕಥೆಯಲ್ಲಿ ಒಂದು ವಿಷಯ ನನ್ನನ್ನು ಯಾವಾಗಲೂ ಚುಚ್ಚುತ್ತದೆ. ಲೇಯಳ ಆರೂ ಗಂಡುಮಕ್ಕಳ ಹೆಸರಿಗೆ ಕಾರಣ ಬರೆದಿದೆ. ಕೊನೆಯಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ದೀನಾ ಎಂದು ಹೆಸರಿಟ್ಟಳು, ಅಷ್ಟೇ. ಯಾಕೆ ಇಟ್ಟಳು ಎನ್ನುವ ಸಾಲಿಲ್ಲ. ನಿನ್ನ ಹೊಟ್ಟೆಯಲ್ಲಿರುವುದು ಹೆಣ್ಣಾದರೆ, ಅವಳ ಹೆಸರಿನ ಕಾರಣವನ್ನು ನಿನ್ನ ಸತ್ಯವೇದದ ಮೊದಲ ಪುಟದಲ್ಲಿ ನಿನ್ನ ಕೈಯಾರೆ ಬರೆದಿಡು.

ಅಬ್ರಾಮನ ಹೆಂಡತಿ ಸಾರಯಳ ದಾಸಿ ಹಾಗರಳ ಕಥೆಯನ್ನು ಈಗ, ಈ ತಿಂಗಳುಗಳಲ್ಲಿ, ಇನ್ನೊಮ್ಮೆ ಓದು. ಆದಿಕಾಂಡದ 16ನೇ ಅಧ್ಯಾಯದಲ್ಲಿ ಸಾರಯಳಾಗಲಿ ಅಬ್ರಾಮನಾಗಲಿ ಅವಳ ವಿಷಯ ಆಡುವಾಗ ಒಮ್ಮೆಯೂ ಹೆಸರು ಹಿಡಿಯುವುದಿಲ್ಲ. ‘ನನ್ನ ದಾಸಿ’, ‘ನಿನ್ನ ದಾಸಿ’, ಇಷ್ಟೇ. ಅಬ್ರಾಮನಿಂದ ಬಸುರಿಯಾದ ಹೆಂಗಸು ಸಾರಯಳ ಕಾಟ ತಾಳಲಾರದೆ ಓಡಿಹೋಗಿ ಶೂರಿನ ದಾರಿಯಲ್ಲಿ ನೀರಿನ ಒರತೆಯ ಹತ್ತಿರ ಕೂತಿರುವಾಗ ಯೆಹೋವನ ದೂತನು ಬಂದು ‘ಹಾಗರಳೇ’ ಎಂದು ಕೂಗುತ್ತಾನೆ. ಆ ಅಧ್ಯಾಯದಲ್ಲಿ ಅವಳನ್ನು ಹೆಸರು ಹಿಡಿದು ಕರೆದದ್ದು ಅವನೊಬ್ಬನೇ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ವಿಚಾರಿಸಿ, ಹುಟ್ಟಲಿರುವ ಮಗನಿಗೆ ಇಷ್ಮಾಯೇಲ್ ಎಂಬ ಹೆಸರನ್ನೂ ಹೇಳುತ್ತಾನೆ. ದೇವರು ಕೇಳಿಸಿಕೊಳ್ಳುತ್ತಾನೆ ಎಂದು ಅದರ ಅರ್ಥ. ಆಗ ಅವಳೂ ದೇವರಿಗೆ ಒಂದು ಹೆಸರಿಡುತ್ತಾಳೆ: ಏಲ್ ರೋಯಿ, ನನ್ನನ್ನು ನೋಡುವ ದೇವರು. ಐಗುಪ್ತದ ದಾಸಿಗೆ ಆ ಧೈರ್ಯ ಎಲ್ಲಿಂದ ಬಂತು ಎಂದು ನಾನು ಬೆರಗಾಗುತ್ತೇನೆ. ಆ ಬಾವಿಗೂ ‘ನನ್ನನ್ನು ನೋಡುವ ಜೀವಸ್ವರೂಪನ ಬಾವಿ’ ಎಂದೇ ಹೆಸರಾಯಿತು.

ಮುಂದೆ 21ನೇ ಅಧ್ಯಾಯದಲ್ಲಿ ತಾಯಿಮಗನನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಬುತ್ತಿಯೂ ಒಂದು ತಿತ್ತಿ ನೀರೂ ಕೈಯಲ್ಲಿ. ಬೇರ್ಷೆಬದ ಕಾಡಿನಲ್ಲಿ ನೀರು ಮುಗಿದಾಗ ಅವಳು ಹುಡುಗನನ್ನು ಒಂದು ಗಿಡದ ಕೆಳಗೆ ಬಿಟ್ಟು, ಮಗ ಸಾಯುವುದನ್ನು ನೋಡಲಾರೆನೆಂದು ದೂರ ಹೋಗಿ ಕೂರುತ್ತಾಳೆ. ಆ ಇಡೀ ಅಧ್ಯಾಯದಲ್ಲಿ ಇಷ್ಮಾಯೇಲ್ ಎಂಬ ಹೆಸರು ಒಂದು ಸಲವೂ ಬರುವುದಿಲ್ಲ. ‘ದೇವರು ಹುಡುಗನ ದನಿಯನ್ನು ಕೇಳಿದನು’ ಎಂದು ಮಾತ್ರ ಬರುತ್ತದೆ. ಇಬ್ರಿಯ ಭಾಷೆ ಬಲ್ಲವರಿಗೆ ಆ ವಾಕ್ಯದೊಳಗೇ ಹುಡುಗನ ಹೆಸರು ಕೇಳಿಸುತ್ತದೆ. ನಮಗೆ ಸಂತೋಷ, ಕರುಣಾಕರ ಎಂದರೆ ಅರ್ಥ ತಾನಾಗಿ ಹೊಳೆಯುವ ಹಾಗೆ ಅವರಿಗೆ ಹೊಳೆಯುತ್ತಿತ್ತು. 1831ರಲ್ಲಿ ಬಳ್ಳಾರಿಯಲ್ಲಿ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾದಾಗಿನಿಂದ ಕಥೆ ನಮ್ಮದಾಗಿದೆ, ಆದರೆ ಹೆಸರುಗಳು ಬರೀ ಸದ್ದಾಗಿ ಉಳಿದಿವೆ. ಅದಕ್ಕೇ ನಿಂತು ವಿಚಾರಿಸಿಕೊಂಡು ಓದಬೇಕು ಎನ್ನುವುದು.

ಹನ್ನ ಎಂಬ ಹೆಸರು ನಿನಗೆ ಹಿಡಿಸಿದೆಯಲ್ಲ, ನನಗೂ ಹಿಡಿಸಿದೆ. ಶೀಲೋವಿನ ಆಲಯದಲ್ಲಿ ಅವಳು ಬರೀ ತುಟಿ ಆಡಿಸುತ್ತಾ ಪ್ರಾರ್ಥಿಸಿದಳು. ಯಾಜಕ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡ. ಮಗ ಹುಟ್ಟಿದಾಗ, ಯೆಹೋವನನ್ನು ಕೇಳಿ ಪಡೆದೆನೆಂದು ಹೇಳಿ ಸಮುವೇಲ ಎಂದು ಹೆಸರಿಟ್ಟಳು. ಪಂಡಿತರು ಇಲ್ಲಿ ತಕರಾರು ತೆಗೆಯುತ್ತಾರೆ. ‘ಕೇಳಿ ಪಡೆದವನು’ ಎಂಬ ಅರ್ಥ ನಿಜವಾಗಿ ಸೌಲ ಎಂಬ ಹೆಸರಿನದು; ಸಮುವೇಲ ಅಂದರೆ ‘ಆತನ ಹೆಸರು ದೇವರು’ ಎಂದೋ ‘ದೇವರು ಕೇಳಿದನು’ ಎಂದೋ ಇರಬೇಕು ಎನ್ನುತ್ತಾರೆ. ಕನ್ನಡದಲ್ಲಿ ನನಗೆ ಈ ತಕರಾರು ಕಾಣುವುದೇ ಇಲ್ಲ. ಬೇಡುವುದಕ್ಕೂ ಕೇಳು ಎನ್ನುತ್ತೇವೆ, ಕಿವಿಗೊಡುವುದಕ್ಕೂ ಕೇಳು ಎನ್ನುತ್ತೇವೆ. ಹನ್ನ ಕೇಳಿದಳು, ದೇವರು ಕೇಳಿದನು. ಹಾಲು ಬಿಡಿಸಿದ ಮೇಲೆ ಅವನನ್ನು ಆಲಯಕ್ಕೆ ಒಪ್ಪಿಸಿದಳು. ಆಮೇಲೆ ಪ್ರತಿ ವರ್ಷ ಒಂದು ಪುಟ್ಟ ನಿಲುವಂಗಿ ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು. ಮಗ ವರ್ಷದಲ್ಲಿ ಎಷ್ಟು ಬೆಳೆದಿರಬಹುದು ಎಂದು ದೂರದಲ್ಲೇ ಕೂತು ಅಂದಾಜು ಮಾಡಿ ಬಟ್ಟೆ ಕತ್ತರಿಸಬೇಕಿತ್ತು ಅವಳು.

ಹೆಸರೇ ಹಣೆಬರಹ ಎಂದೂ ಹೆದರಬೇಡ. ಹನ್ನ ಎಂಬ ಹೆಸರಿನ ಧಾತುವಿನಿಂದಲೇ ಯೋಹಾನ, ಅನನೀಯ ಎಂಬ ಹೆಸರುಗಳೂ ಬಂದಿವೆ. ಅಪೊಸ್ತಲರ ಕೃತ್ಯಗಳಲ್ಲಿ ಮೂವರು ಅನನೀಯರಿದ್ದಾರೆ. ಒಬ್ಬ ಹೊಲ ಮಾರಿದ ಹಣದ ವಿಷಯದಲ್ಲಿ ಸುಳ್ಳಾಡಿ ಬಿದ್ದು ಸತ್ತ. ಇನ್ನೊಬ್ಬ ಮಹಾಯಾಜಕ, ಪೌಲನ ಬಾಯಿಗೆ ಹೊಡೆಯಿರಿ ಎಂದವನು. ಮತ್ತೊಬ್ಬ ದಮಸ್ಕದವನು. ಸಭೆಯನ್ನು ಹಿಂಸಿಸಲು ಬಂದಿದ್ದ ಸೌಲ, ಅಂದರೆ ಇದೇ ಪೌಲ, ಕುರುಡಾಗಿ ನೆಟ್ಟನೆಬೀದಿಯ ಮನೆಯಲ್ಲಿ ಇದ್ದಾಗ ಹೋಗಿ, ತಲೆಯ ಮೇಲೆ ಕೈಯಿಟ್ಟು ‘ಸಹೋದರನೇ’ ಎಂದವನು. ‘ಯೆಹೋವನು ಕೃಪೆ ತೋರಿಸಿದನು’ ಎಂಬ ಅರ್ಥ ಮೂವರಿಗೂ ಒಂದೇ.

ನೊವೊಮಿಯೂ ಹಾಗೆಯೇ. ಬೇತ್ಲೆಹೇಮ್ ಅಂದರೆ ರೊಟ್ಟಿಯ ಮನೆ. ಆ ಊರಿಗೇ ಬರ ಬಿದ್ದು ಮೋವಾಬಿಗೆ ಗುಳೆ ಹೋದವಳು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣು ಮಾಡಿ ತಿರುಗಿ ಬಂದಾಗ, ‘ನನ್ನನ್ನು ನೊವೊಮಿ ಎನ್ನಬೇಡಿ, ಮಾರಾ ಎನ್ನಿ’ ಎಂದಳು. ನೊವೊಮಿ ಅಂದರೆ ಹಿತವಾದವಳು, ಮಾರಾ ಅಂದರೆ ಕಹಿಯಾದವಳು. ಅವಳ ದುಃಖ ದೊಡ್ಡದು, ಆ ಮಾತಿಗೆ ಯಾರೂ ಅವಳನ್ನು ಗದರುವುದಿಲ್ಲ. ಆದರೆ ರೂತಳ ಪುಸ್ತಕ ಕೊನೆಯವರೆಗೂ ಅವಳನ್ನು ನೊವೊಮಿ ಎಂದೇ ಕರೆಯುತ್ತದೆ. ಸೊಸೆ ರೂತಳು ಹೆತ್ತ ಮೊಮ್ಮಗ ಮಡಿಲಿಗೆ ಬಂದಾಗ ‘ನೊವೊಮಿಗೆ ಮಗ ಹುಟ್ಟಿದ್ದಾನೆ’ ಎಂದು ಹೇಳಿ ಆ ಕೂಸಿಗೆ ಓಬೇದ ಎಂದು ಹೆಸರಿಟ್ಟವರು ನೆರೆಮನೆಯ ಹೆಂಗಸರು.

ನಿನ್ನ ಅತ್ತೆಯವರ ಮನಸ್ಸಿನಲ್ಲಿ ಯಾವ ಹೆಸರಿದೆ ಎಂದು ಕೇಳಿದ್ದೀಯಾ? ದೀಕ್ಷಾಸ್ನಾನದ ದಿನ ಸಭಾಪಾಲಕರ ಮುಂದೆ ಇಬ್ಬರು ಅಜ್ಜಿಯರೂ ಸಂತೋಷದಿಂದ ನಿಲ್ಲುವಂತಾಗಲಿ. ಕಬ್ಬಿಣದ ಮಾತ್ರೆ ಮರೆಯದೆ ನುಂಗು. ಅಳಿಯಂದಿರಿಗೂ ಮನೆಯವರೆಲ್ಲರಿಗೂ ನಮ್ಮ ವಂದನೆ ತಿಳಿಸು.

ಪ್ರೀತಿಯಿಂದ,
ಅಮ್ಮ