ಅಗ್ಗದ ಉಪಗ್ರಹಕ್ಕೆ ಕಾವಲಿನ ಒಂದು ಮೂಲೆ

ಮಾನ್ಯರೇ,

ಭೂಮಿಯ ಕಾಂತಕ್ಷೇತ್ರವನ್ನು ಪುಟ್ಟ, ಅಗ್ಗದ ಉಪಗ್ರಹಗಳಿಂದ ಅಳೆಯುವ ಪ್ರಯತ್ನಗಳು ಹೊರದೇಶಗಳಲ್ಲಿ ನಡೆದಿವೆ. ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದಕ್ಕೆ ಕೈಹಾಕಲಿ. ಬೆಂಗಳೂರು, ಹೈದರಾಬಾದಿನ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋ ತೂಕವೂ ಇಲ್ಲದ ಸ್ಟುಡ್‌ಸ್ಯಾಟ್ 2010ರಲ್ಲೇ ಕಕ್ಷೆ ಸೇರಿತ್ತು. ಆದರೆ ಈ ಕೆಲಸದಲ್ಲಿ ಪೆಟ್ಟಿಗೆ ಕಟ್ಟುವುದು ಸುಲಭದ ಭಾಗ; ಅಳತೆ ಸರಿ ಬರುವಂತೆ ಮಾಡುವುದೇ ಕಷ್ಟ, ಅದಕ್ಕೆ ಚಳ್ಳಕೆರೆಯ ಕಾವಲಿನಲ್ಲಿ (ಹುಲ್ಲುಗಾವಲಿನಲ್ಲಿ) ಒಂದು ಕಾಂತ ವೀಕ್ಷಣಾಲಯವೂ ಬೇಕು.

ನಮ್ಮ ಸೀಮೆಯಲ್ಲಿ ಕಾಂತಕ್ಷೇತ್ರದ ಬಲ ಸುಮಾರು 40 ಸಾವಿರ ನ್ಯಾನೊಟೆಸ್ಲಾ. ಅದರಲ್ಲಿ ಒಂದೆರಡು ನ್ಯಾನೊಟೆಸ್ಲಾದಷ್ಟು ಏರುಪೇರನ್ನು ಹಿಡಿಯಬೇಕು. ಉಪಗ್ರಹದ ಬ್ಯಾಟರಿ, ಸೌರಫಲಕದ ತಂತಿ, ಒಂದು ಉಕ್ಕಿನ ತಿರುಪು ಕೂಡ ಲೆಕ್ಕ ಕೆಡಿಸುತ್ತವೆ. ಅದಕ್ಕೇ ಯುರೋಪ್ 2013ರಲ್ಲಿ ಹಾರಿಸಿದ ಸ್ವಾರ್ಮ್ ಉಪಗ್ರಹಗಳು ಮಾಪಕವನ್ನು ಸುಮಾರು 4 ಮೀಟರ್ ಉದ್ದದ ತೋಳಿನ ಮೇಲಿಟ್ಟುಕೊಂಡಿವೆ. 10 ಸೆಂಟಿಮೀಟರಿನ ಘನಗಳನ್ನು ಜೋಡಿಸಿ ಮಾಡುವ ಕ್ಯೂಬ್‌ಸ್ಯಾಟ್ ಅಷ್ಟುದ್ದದ ತೋಳನ್ನು ಎಲ್ಲಿ ಮಡಚಿಟ್ಟುಕೊಂಡೀತು? ಸಾಲದ್ದಕ್ಕೆ, ಪುಟ್ಟ ಉಪಗ್ರಹಗಳಲ್ಲಿ ಹಲವು ಮೈ ತಿರುಗಿಸುವುದೇ ತಂತಿಸುರುಳಿಗೆ ವಿದ್ಯುತ್ ಹರಿಸಿ, ಭೂಮಿಯ ಕಾಂತಕ್ಷೇತ್ರಕ್ಕೇ ಒತ್ತುಕೊಟ್ಟು. ಅಳೆಯುವ ಹೊತ್ತಿಗೆ ಆ ಸುರುಳಿಯನ್ನು ಆರಿಸಬೇಕು.

ಇಷ್ಟಾದರೂ ಈ ಪುಟ್ಟ ಉಪಗ್ರಹಗಳು ಬೇಕು. ಒಂಟಿ ಉಪಗ್ರಹ ನಮ್ಮ ಊರಿನ ಮೇಲೆ ಕೆಲವು ದಿನಗಳ ಮಟ್ಟಿಗೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಾಯುತ್ತದೆ. ಬಿಸಿಲೇರಿದಂತೆ ಮೇಲಿನ ವಾತಾವರಣದ ವಿದ್ಯುತ್ ಪ್ರವಾಹ ಬದಲಾಗಿ ಕ್ಷೇತ್ರವೂ ಅಲುಗುತ್ತದೆ. ಹಲವು ಉಪಗ್ರಹಗಳು ಬೇರೆ ಬೇರೆ ಹೊತ್ತಿಗೆ ಹಾದರೆ ಮಾತ್ರ ಈ ಅಲುಗಾಟವನ್ನು ಭೂಮಿಯ ಒಡಲಿನ ಕ್ಷೇತ್ರದಿಂದ ಬೇರ್ಪಡಿಸಲು ಸಾಧ್ಯ. ಉತ್ತರ ಕಾಂತಧ್ರುವವು ವರ್ಷಕ್ಕೆ ಸುಮಾರು 50 ಕಿ.ಮೀ.ನಂತೆ ಸೈಬೀರಿಯಾದತ್ತ ಸರಿಯುತ್ತಿದ್ದುದರಿಂದ, ಕಾಂತಕ್ಷೇತ್ರ ಎಲ್ಲಿ ಹೇಗಿದೆ ಎಂದು ಲೆಕ್ಕ ಹಾಕಿಕೊಡುವ, 5 ವರ್ಷಕ್ಕೊಮ್ಮೆ ಪರಿಷ್ಕರಿಸುವ ಜಾಗತಿಕ ಕಾಂತ ಮಾದರಿಯನ್ನು 2019ರಲ್ಲಿ ಅವಧಿಗೆ ಮೊದಲೇ ತಿದ್ದಬೇಕಾಯಿತು. ನಮ್ಮ ಮೊಬೈಲಿನ ದಿಕ್ಸೂಚಿ ನಂಬಿರುವುದು ಇದೇ ಮಾದರಿಯನ್ನು. (ಆ ಮೊಬೈಲನ್ನು ಕಬ್ಬಿಣದ ಗೇಟಿನ ಪಕ್ಕ ಹಿಡಿದು ಬಾಗಿಲಿನ ವಾಸ್ತು ಹೇಳುವವರ ಮಾತು ಬೇರೆ.)

ಅಗ್ಗದ ಮಾಪಕದ ಅಂಕಿಗಳನ್ನು ನೆಲದ ಮೇಲಿನ ವೀಕ್ಷಣಾಲಯದ ಅಂಕಿಗಳೊಂದಿಗೆ ತಾಳೆ ನೋಡದೆ ನಂಬುವಂತಿಲ್ಲ. ನೆಲದ ವೀಕ್ಷಣಾಲಯಕ್ಕೋ ವಿದ್ಯುತ್ತಿನ ಗದ್ದಲವೇ ಶತ್ರು. ಸೂರ್ಯನ ಆರ್ಭಟಕ್ಕೆ ಭೂಮಿಯ ಕಾಂತಕ್ಷೇತ್ರ ಅಲ್ಲಾಡಿಹೋದ 1859ರ ಮಹಾ ಕಾಂತಬಿರುಗಾಳಿಯನ್ನು ದಾಖಲಿಸಿದ ಮುಂಬೈಯ ಕೊಲಾಬಾ ವೀಕ್ಷಣಾಲಯಕ್ಕೇ, ಊರಿಗೆ ವಿದ್ಯುತ್ ಟ್ರಾಮ್ ಬರುತ್ತದೆಂದಾಗ ಬೇರೆ ಜಾಗ ಹುಡುಕಬೇಕಾಯಿತು. 1904ರಲ್ಲಿ ಅಲಿಬಾಗಿನಲ್ಲಿ ಕೆಲಸ ಶುರುವಾಯಿತು.

ದನಕರು ಮೇಯುತ್ತಿದ್ದ ಚಳ್ಳಕೆರೆಯ ಅಮೃತಮಹಲ್ ಕಾವಲನ್ನು ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಡಿಆರ್‌ಡಿಒಗಳಿಗೆ ಬಿಟ್ಟುಕೊಟ್ಟ ಜಿಲ್ಲೆ ನಮ್ಮದು. 2023ರ ಏಪ್ರಿಲ್‌ನಲ್ಲಿ ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನ ಇಳಿದದ್ದೂ ಇಲ್ಲಿಯೇ. ಬೇಲಿಯಾಚೆ ನಿಂತು ನೋಡಿದವರ ಪಾಲಿಗೆ ಇನ್ನೂ ಏನೂ ದಕ್ಕಿಲ್ಲ ಎಂಬ ಅಸಮಾಧಾನ ನನ್ನದೂ ಹೌದು. ಹೈಟೆನ್ಷನ್ ತಂತಿಗಳೂ ಸೌರ ಘಟಕಗಳೂ ಪೂರ್ತಿ ಹಬ್ಬುವ ಮೊದಲೇ ಆ ಕಾವಲಿನ ಒಂದು ಮೂಲೆಯನ್ನು ಕಾಂತ ವೀಕ್ಷಣಾಲಯಕ್ಕೆ ಕಾದಿರಿಸಿ, ಅದರ ಅಂಕಿಗಳು ಇಲ್ಲಿನ ಕಾಲೇಜುಗಳಿಗೆ ಸಿಗುವಂತೆ ಮಾಡಬೇಕು. ನಮ್ಮದು ಕಬ್ಬಿಣದ ಅದಿರಿನ ಜಿಲ್ಲೆಯಾದ್ದರಿಂದ, ಆಯ್ದ ಜಾಗದ ಕೆಳಗಿನ ಬಂಡೆ ಎಷ್ಟು ತೊಂದರೆ ಕೊಡುತ್ತದೆ ಎಂಬುದನ್ನು ಮೊದಲು ಅಳೆಯಬೇಕು. ಅದಕ್ಕೆ ಉಪಗ್ರಹವೇನೂ ಬೇಡ; ಕೈಯಲ್ಲಿ ಹಿಡಿದು ನಡೆಯುವ ಮಾಪಕ ಮತ್ತು ಬೇಸಿಗೆ ರಜೆಯಲ್ಲಿರುವ ವಿದ್ಯಾರ್ಥಿಗಳು ಸಾಕು.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ