ಪೆಬಲ್ ನೆಲದಲ್ಲಿ ನೀರು ನಿಲ್ಲುತ್ತಿದೆ: ಕಿತ್ತು ಮತ್ತೆ ಹಾಕಿಕೊಡುವ ಬಗ್ಗೆ

ಮುಲುಂಡ್, ಮುಂಬಯಿ

ಇವರಿಗೆ,
ವ್ಯವಸ್ಥಾಪಕರು, ಬಾತ್‌ರೂಮ್ ನವೀಕರಣ ವಿಭಾಗ

ಮಾನ್ಯರೇ,

ನಿಮ್ಮವರು ಹಾಕಿಕೊಟ್ಟ 4 ಅಡಿಗೆ 3 ಅಡಿಯ ಪೆಬಲ್ (ಉರುಟುಗಲ್ಲು) ನೆಲದಲ್ಲಿ ಸ್ನಾನ ಮುಗಿದು ಗಂಟೆಗಟ್ಟಲೆ ಕಳೆದರೂ ನೀರು ನಿಂತಿರುತ್ತದೆ. ಫೋನ್ ಮಾಡಿದರೆ "ಇನ್ನೊಂದು ಕೋಟ್ ಸೀಲರ್ ಹೊಡೆದರೆ ಸರಿಹೋಗುತ್ತೆ" ಎಂದಿರಿ. ಹೋಗುವುದಿಲ್ಲ. ಸೀಲರ್ ಇರುವುದು ಕಲ್ಲಿಗೆ ಕಲೆ ಹಿಡಿಯದಿರಲಿ ಎಂದು. ಅದರಿಂದ ನೆಲಕ್ಕೆ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಬರುವುದಿಲ್ಲ, ವಾಟರ್‌ಪ್ರೂಫಿಂಗೂ ಆಗುವುದಿಲ್ಲ.

ರಸಮಟ್ಟ ಇಟ್ಟು ನೋಡಿದೆವು. ಅಡಿಗೆ ಕಾಲಿಂಚಿನ ಲೆಕ್ಕದಲ್ಲಿ, ದೂರದ ಗೋಡೆಯಿಂದ ನಹಾನಿ ಟ್ರ್ಯಾಪ್‌ವರೆಗಿನ (ನೀರು ಹೊರಹೋಗುವ ಕಿಂಡಿ) 4 ಅಡಿಗೆ 1 ಇಂಚು ಇಳಿಯಬೇಕಿತ್ತು. ಇಳಿದಿರುವುದು ಕಾಲಿಂಚು ಮಾತ್ರ. ನುಣುಪು ಟೈಲ್ ಆಗಿದ್ದರೆ ವೈಪರ್ ಎಳೆದು ಹೇಗೋ ಸುಧಾರಿಸಬಹುದು. ಪೆಬಲ್ ಮೇಲೆ ವೈಪರ್ ಓಡುವುದಿಲ್ಲ, ಪ್ರತಿ ಕಲ್ಲೂ ನೀರಿಗೆ ಅಡ್ಡ. ಅದಕ್ಕೇ ವಾಟವನ್ನು ಕೆಳಗಿನ ಗಾರೆಯಲ್ಲೇ ಕೊಡಬೇಕು. ಸಾಲದ್ದಕ್ಕೆ ಗ್ರೌಟನ್ನು, ಅಂದರೆ ಸಂದಿ ತುಂಬುವ ಸಿಮೆಂಟನ್ನು, ಕಲ್ಲಿನ ಬುಡದಲ್ಲೇ ನಿಲ್ಲಿಸಿದ್ದಾರೆ. ಕಲ್ಲಿನ ಎತ್ತರದ ಮೂರರಲ್ಲಿ ಎರಡು ಪಾಲು ತುಂಬಿದ್ದರೆ ಇಷ್ಟು ಗುಂಡಿಗಳು ಇರುತ್ತಿರಲಿಲ್ಲ.

ಟ್ರ್ಯಾಪ್ ಪಕ್ಕದ ಮೂರು ಕಲ್ಲು ಕೈಗೇ ಬಂದವು. ಕಲ್ಲುಗಳನ್ನು ಹಾಳೆಯಾಗಿ ಹಿಡಿದಿಡುವ ಹಿಂಬದಿಯ ಜಾಲರಿ ಈಗಷ್ಟೇ ಡಬ್ಬದಿಂದ ತೆಗೆದಂತೆ ಶುಭ್ರ. ನೆಲದಲ್ಲಿ ಹಲ್ಲುಕರಣೆ (ಅಂಚಿಗೆ ಹಲ್ಲುಗಳಿರುವ ಕರಣೆ) ಎಳೆದ ಅಂಟಿನ ಗೆರೆಗಳು ಚಪ್ಪಟೆಯಾಗದೆ ಹಾಗೇ ನಿಂತಿವೆ. ಅಂಟು ಹರಡಿ, ಅದು ಕೆನೆಗಟ್ಟಿದ ಮೇಲೆ ಹಾಳೆ ಇಟ್ಟು, ಒತ್ತದೆ ಎದ್ದುಹೋಗಿದ್ದಾರೆ. ನಾಣ್ಯದಿಂದ ತಟ್ಟಿದರೆ ಇನ್ನೂ ಹಲವು ಕಡೆ ಟೊಳ್ಳು ಸದ್ದು. 12 ಹಾಳೆಗಳ ಅಂಚು ಚೌಕಚೌಕವಾಗಿ ಕಾಣುತ್ತಿದೆ: ಅಂಚಿನ ಕಲ್ಲುಗಳನ್ನು ಜಾಲರಿಯಿಂದ ಬಿಡಿಸಿ ಸಂದಿಯಲ್ಲಿ ಒಂದೊಂದಾಗಿ ಹೊಂದಿಸಲು ಅರ್ಧ ದಿನ ಸಾಕಿತ್ತು.

ಸಿಟ್ಟು ಬಂದದ್ದು ಆಸಿಡ್ ವಿಷಯಕ್ಕೆ. ಗ್ರೌಟ್‌ಗೆ ಮೊದಲೇ ಕಲ್ಲಿಗೆ ಸೀಲರ್ ಬಿದ್ದಿದ್ದರೆ, ಮೆತ್ತಿದ ಸಿಮೆಂಟು ಒದ್ದೆ ಸ್ಪಂಜಿಗೇ ಹೋಗುತ್ತಿತ್ತು. ಅದನ್ನು ಬಿಟ್ಟು ಆಸಿಡ್ ಸುರಿದು ಉಜ್ಜಿದ್ದಾರೆ. ಕರಿಕಲ್ಲು ತಡೆದುಕೊಂಡಿತು. ಬಿಳಿಯವು ಅಮೃತಶಿಲೆ, ಆಸಿಡ್ ತಾಗಿದರೆ ನೊರೆಯೆದ್ದು ಸವೆಯುವ ಕಲ್ಲು; ಹೊಳಪು ಹೋಗಿ, ಮುಟ್ಟಿದರೆ ಸೀಮೆಸುಣ್ಣದ ಹಾಗೆ ತರಿತರಿ. ನೀವೇ ಕೊಟ್ಟ ನಿರ್ವಹಣೆಯ ಚೀಟಿಯಲ್ಲಿ "ಆಸಿಡ್, ವಿನಿಗರ್ ಬಳಸಬೇಡಿ" ಎಂದಿದೆ.

ಕೆಳಗಿನ ಫ್ಲ್ಯಾಟಿನ ಸೀಲಿಂಗಿನಲ್ಲಿ ತೇವದ ಕಲೆ ಮೂಡಿದೆ. ವಾಟರ್‌ಪ್ರೂಫಿಂಗ್ ನಂತರ 48 ಗಂಟೆ ನೀರು ಕಟ್ಟಿ ನೋಡಿದ ಫೋಟೊ ಕೇಳಿದರೆ ನಿಮ್ಮಲ್ಲಿಲ್ಲ.

ನೆಲವನ್ನು ಪೂರ್ತಿ ಕಿತ್ತು, ವಾಟ ಕೊಟ್ಟು ಗಾರೆ ಹಾಕಿ, ಅದು ಒಣಗಿದ ಮೇಲೆ ಎರಡು ಕೋಟ್ ವಾಟರ್‌ಪ್ರೂಫಿಂಗ್ ಮಾಡಿ, ಗೋಡೆಗೂ ಏರಿಸಿ. 48 ಗಂಟೆಯ ನೀರಿನ ಪರೀಕ್ಷೆ ನಮ್ಮೆದುರೇ ಆಗಲಿ. ಕಲ್ಲು ಕೂರಿಸಲು ಬಿಳಿ ಅಂಟು, ಗೋಡೆ ನೆಲ ಸೇರುವ ಮೂಲೆಗೆ ಗ್ರೌಟ್ ಬದಲು ಸಿಲಿಕಾನ್. ಬಿಳಿ ಕಲ್ಲುಗಳು ಹೊಸವೇ ಬರಬೇಕು. ಮಳೆಗಾಲ, ಗಾರೆ ಒಣಗಲು ತಡವಾಗುತ್ತದೆ ಎಂದರೆ ಕಾಯುತ್ತೇವೆ. ಆದರೆ ಕೆಲಸ ಶುರುವಾಗುವ ದಿನಾಂಕ 15 ದಿನದೊಳಗೆ ಬರಹದಲ್ಲಿ ಬರಲಿ. ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡುತ್ತೇವೆ. ಕಿತ್ತುಬಂದ ಮೂರು ಕಲ್ಲುಗಳನ್ನು ತೆಗೆದಿಟ್ಟಿದ್ದೇವೆ.

ಇತಿ,
ಫ್ಲ್ಯಾಟಿನ ಮಾಲೀಕರು