ನಮ್ಮೂರಿಗೆ ವಸ್ತಿ ಬಸ್ಸು ತಂದವರಿಗೆ

ಜೇವರ್ಗಿ ತಾಲ್ಲೂಕಿನ ನಮ್ಮೂರಿನಿಂದ ಈ ವರ್ಷ, ಅಂದರೆ 2025ರಲ್ಲಿ, ಏಳು ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತಿದ್ದರು. ಮೊದಲ ಪರೀಕ್ಷೆಯಲ್ಲಿ ಆರು ಜನ ಪಾಸಾದರು. ಗಣಿತದಲ್ಲಿ ಉಳಿದುಕೊಂಡಿದ್ದ ಏಳನೆಯವಳು ಎರಡನೇ ಪರೀಕ್ಷೆ ಬರೆದು ಅದನ್ನೂ ಮುಗಿಸಿದಳು. ಅವಳ ಫಲಿತಾಂಶ ಬರುವವರೆಗೆ ಏನನ್ನೂ ಬರೆಯಬಾರದೆಂದು ಸುಮ್ಮನಿದ್ದೆ. ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ನಾನು ಪಾಠ ಮಾಡಲು ಶುರು ಮಾಡಿ ಹದಿನೆಂಟು ವರ್ಷಗಳಾದವು. ಒಂದೇ ವರ್ಷ ಇಷ್ಟು ಹುಡುಗಿಯರು ಹತ್ತನೇ ತರಗತಿ ದಾಟಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಬುದ್ಧಿವಂತ ಮಕ್ಕಳು ನಮ್ಮಲ್ಲಿ ಯಾವತ್ತೂ ಇದ್ದರು, ಅವರಿಗೆ ಇಲ್ಲದಿದ್ದದ್ದು ಶಾಲೆ ಮುಟ್ಟುವ ದಾರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಸರೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತನೆಯದಕ್ಕೆ ಹುಡುಗಿ ಹೋಗದಿದ್ದರೆ ಆ ಕಾಯ್ದೆ ಹಿಡಿದು ಯಾರನ್ನೂ ಕೇಳುವಂತಿಲ್ಲ. ನಮ್ಮೂರಿನಿಂದ ಹೈಸ್ಕೂಲಿಗೆ ಹೋಗಬೇಕಾದರೆ ಹಳ್ಳ ದಾಟಿ ಕ್ರಾಸಿನವರೆಗೆ ನಾಲ್ಕು ಕಿಲೋಮೀಟರ್, ಅಲ್ಲಿಂದ ಮುಂದೆ ಇನ್ನೂ ಮೂರು. ಮಳೆ ಬಿದ್ದ ಮೇಲೆ ಎರೆಮಣ್ಣಿನ ದಾರಿಯಲ್ಲಿ ನಡೆದವರಿಗೇ ಗೊತ್ತು: ಹತ್ತು ಹೆಜ್ಜೆಗೆ ಒಂದೊಂದು ಚಪ್ಪಲಿಗೂ ಒಂದೊಂದು ಸೇರು ಮಣ್ಣು ಮೆತ್ತಿಕೊಳ್ಳುತ್ತದೆ, ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾದಾಗ ನಾವೂ ಸಂತೋಷಪಟ್ಟೆವು, ಆದರೆ ನಮ್ಮೂರಿಗೆ ಬರುತ್ತಿದ್ದದ್ದು ಮಧ್ಯಾಹ್ನದ ಒಂದೇ ಬಸ್ಸು. ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗದವರಿಗೆ ಕಾಲೇಜಿನ ಸೀಟಿನಲ್ಲಿ, ನೌಕರಿಯಲ್ಲಿ ಮೀಸಲಾತಿ ದೊರೆತಿದೆ; ಒಂಬತ್ತನೇ ತರಗತಿಗೆ ಹೋಗಲಾಗದೆ ಹತ್ತಿ ಬಿಡಿಸಲು ಹೋದ ಹುಡುಗಿಗೆ ಆ ಮೀಸಲಾತಿಯಿಂದ ಏನು ಸಿಗಬೇಕು?

ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಹೊರಡುವ ವಸ್ತಿ ಬಸ್ಸು ಬೇಕೆಂಬ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಲು ಮಸಿಯ ಪ್ಯಾಡು ಹಿಡಿದು ಓಣಿ ಓಣಿ ತಿರುಗಿದ ಸ್ವಸಹಾಯ ಸಂಘದ ಅಕ್ಕಂದಿರಿಗೆ, ಜೆರಾಕ್ಸಿನ ದುಡ್ಡು ಒಮ್ಮೆಯೂ ತೆಗೆದುಕೊಳ್ಳದ ಅಂಗಡಿಯ ಕಾಕಾರಿಗೆ, ಒಂದು ದಿನದ ಕೂಲಿ ಬಿಟ್ಟು ನನ್ನ ಜೊತೆ ಕಲಬುರಗಿಯವರೆಗೆ ಬಂದ ತಾಯಂದಿರಿಗೆ, ನಮ್ಮ ಮಾತನ್ನು ನಿಂತು ಕೇಳಿದ ಪತ್ರಕರ್ತ ಮಿತ್ರರಿಗೆ ನನ್ನ ನಮಸ್ಕಾರಗಳು. ವಕೀಲರೊಬ್ಬರ ಬಳಿ ಗುಮಾಸ್ತರಾಗಿರುವ ನಮ್ಮೂರ ಅಣ್ಣನವರಿಗೆ ಮಾತ್ರ ಇನ್ನೆರಡು ಮಾತು ಸಲ್ಲಬೇಕು. ಅಲ್ಲಿಯವರೆಗೆ ನಾವು ಸಭೆ ಸಮಾರಂಭಗಳಿಗೆ ಬಂದ ಮುಖಂಡರ ಕೈಗೆ ಮನವಿ ಪತ್ರ ಕೊಟ್ಟು, ಫೋಟೋ ತೆಗೆಸಿಕೊಂಡು, ಕೆಲಸವಾಯಿತೆಂದು ನಂಬಿ ಮನೆಗೆ ಬರುತ್ತಿದ್ದೆವು. ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕೋಣವೆಂದವರು ಅವರು. ನಮ್ಮ ರಾಜ್ಯದ ನಿಯಮದಂತೆ ಆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ನಾನು ಬರೆದಿದ್ದ ಮೂರು ಪುಟಗಳ ಗೋಳನ್ನು ಅವರು ಒಂದು ಸಂಜೆ ಕುಳಿತು ನಾಲ್ಕು ಪ್ರಶ್ನೆಗಳಿಗೆ ಇಳಿಸಿದರು. ಬೆಳಗಿನ ಬಸ್ಸು ಬೇಕೆಂದು ನಮ್ಮೂರಿನಿಂದ ಒಂದು ಬೇಡಿಕೆಯೂ ದಾಖಲಾಗಿಲ್ಲ ಎಂಬ ಉತ್ತರ ಬಂದ ದಿನ ನಾವೆಲ್ಲ ಕುಸಿದು ಕುಳಿತರೆ, ಅವರು ಮಾತ್ರ ಇನ್ನು ಮುಂದೆ ಟಪಾಲು ಶಾಖೆಯ ಮುದ್ರೆ ಮತ್ತು ಸಂಖ್ಯೆ ಬೀಳದ ಕಾಗದವನ್ನು ಯಾರ ಕೈಗೂ ಕೊಡಬೇಡಿ ಎಂದರು. ಆ ಒಂದು ಮಾತು ನಮ್ಮ ಕೆಲಸದ ರೀತಿಯನ್ನೇ ಬದಲಿಸಿತು.

ಆಗ ಏಳನೇ ತರಗತಿಯಲ್ಲಿದ್ದ ನನ್ನ ವಿದ್ಯಾರ್ಥಿಯೊಬ್ಬನ ನೂರು ಪುಟದ ನೋಟ್‌ಬುಕ್ ಈಗ ನನ್ನ ಮೇಜಿನ ಮೇಲಿದೆ. ಅವನ ಅಕ್ಕ ದಿನಾ ನಡೆದು ಹೋಗುತ್ತಿದ್ದಳೆಂದು, ಯಾರೂ ಹೇಳದೆಯೇ ಅವನು ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಕುಳಿತು ಬೆಳಿಗ್ಗೆ ಊರು ಬಿಟ್ಟು ನಡೆದು ಹೋಗುವವರನ್ನು ಎಣಿಸಿ ಬರೆಯತೊಡಗಿದ. ಎಡಗಡೆ ತಾರೀಖು, ನಡುವೆ ಎಷ್ಟು ಜನ, ಬಲಗಡೆ ಯಾವ ಕೆಲಸಕ್ಕೆ. "ಶಾಲೆ 9, ದವಾಖಾನೆ 3, ಬಜಾರ 6, ಬಾಣಂತಿ 1." ಹೀಗೆ ಮೂರು ತಿಂಗಳು. ಕಚೇರಿಯಲ್ಲಿ ಪ್ರಯಾಣಿಕರು ಸಾಲುವುದಿಲ್ಲ ಎಂಬ ಮಾತು ಬಂದಾಗ ನಮ್ಮ ಬಳಿ ತೋರಿಸಲು ಇದ್ದದ್ದು ಈ ನೋಟ್‌ಬುಕ್ ಒಂದೇ. ಅಧಿಕಾರಿಗಳು ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿ ನೋಡಿದರು.

ಇನ್ನು ಕ್ರಾಸಿನ ರೊಟ್ಟಿ ಆಯಿ. ತಮ್ಮ ಹೆಸರು ಬರೆಯಬಾರದೆಂದು ಅವರು ಹೇಳಿದ್ದಾರೆ, ಆದ್ದರಿಂದ ಬರೆಯುವುದಿಲ್ಲ. ಆ ರಸ್ತೆಯಲ್ಲಿ ಓಡಾಡುವವರಿಗೆ ಹೆಸರು ಬೇಕಾಗಿಯೂ ಇಲ್ಲ. ತಗಡಿನ ಶೆಡ್ಡು, ಎರಡು ಒಲೆ, ಜೋಳದ ಹಿಟ್ಟಿನ ಡಬ್ಬಿ, ಒಂದು ಕೊಡ ನೀರು. ಲಾರಿಯವರಿಗೆ ರೊಟ್ಟಿ ಮಾಡಿ ಮಾರುವುದು ಅವರ ಬದುಕು.

2023ರ ಜುಲೈ ಕೊನೆಯ ಆ ರಾತ್ರಿಯ ವಿವರ ನಮ್ಮೂರಿಗೆಲ್ಲ ಗೊತ್ತಿದೆ, ಮತ್ತೆ ಹೇಳಲಾರೆ. ಹಳ್ಳ ಬಂದು ದಾರಿ ಮುಚ್ಚಿತ್ತು. ಜೇವರ್ಗಿಯ ಸಭೆ ಮುಗಿಸಿ ಬಂದ ನಾನು, ಶಾಲೆಯಿಂದ ಮರಳಿದ ಇಬ್ಬರು ಹುಡುಗಿಯರು ಕ್ರಾಸಿನಲ್ಲಿ ಸಿಕ್ಕಿಕೊಂಡೆವು, ಮುಂದೆ ಹೋದ ಮೂರನೆಯವಳು ಮನೆ ಮುಟ್ಟಿರಲಿಲ್ಲ. ಕರೆಂಟು ಹೋಗಿತ್ತು. ಮೊಬೈಲಿನ ಚಾರ್ಜು ಮುಗಿಯುವ ಮೊದಲು ಅವಳ ಅಪ್ಪ ಆಡಿದ ಕೊನೆಯ ಮಾತು, "ಟೀಚರ್, ನಿಮ್ಮ ಮಾತು ಕೇಳಿ ಕಳ್ಸೀನ್ರಿ." ಅವರು ಸಿಟ್ಟಿನಿಂದ ಹೇಳಲಿಲ್ಲ, ಅಳುತ್ತಾ ಹೇಳಿದರು. ನಿಜ, ಆ ಮನೆಯ ಹೊಸ್ತಿಲಲ್ಲಿ ಮೂರು ಸಲ ಕುಳಿತು ಅವರನ್ನು ಒಪ್ಪಿಸಿದವಳು ನಾನೇ. ಮಕ್ಕಳನ್ನು ಓದಿಸಬೇಕೆಂಬ ನನ್ನ ಹಟಕ್ಕೆ ಬೇರೆಯವರ ಮಗಳನ್ನು ನೀರಿಗೆ ಕೊಟ್ಟೆನೇ ಎಂದು ಆ ರಾತ್ರಿ ನಾನು ಎಷ್ಟು ಸಲ ಕೇಳಿಕೊಂಡೆನೋ ತಿಳಿಯದು. ಇಂದಿಗೂ ಜೋರು ಮಳೆ ಬಂದರೆ ನನಗೆ ನಿದ್ದೆ ಬರುವುದಿಲ್ಲ.

ಆಯಿ ನನಗೆ ಸಮಾಧಾನದ ಮಾತು ಹೇಳಲಿಲ್ಲ. ಒಲೆ ಹೊತ್ತಿಸಿದರು, ಇಬ್ಬರು ಮಕ್ಕಳ ಒದ್ದೆ ಬಟ್ಟೆ ತೆಗೆಸಿ ತಮ್ಮ ಎರಡು ಸೀರೆಗಳನ್ನು ಸುತ್ತಿದರು, ಪುಸ್ತಕಗಳನ್ನು ಒಲೆಯ ದಂಡೆಗೆ ಹರಡಿದರು. ನನ್ನ ಮುಂದೆ ಬಿಸಿ ರೊಟ್ಟಿ ಇಟ್ಟು, "ತಿನ್ನು. ಮುಂಜಾನಿ ನಡೀಲಾಕ ಕಾಲಾಗ ಕಸುವು ಬೇಕು" ಎಂದರು. ಆಮೇಲೆ ಕಂದೀಲು ಹಿಡಿದು, ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಹಳ್ಳದ ದಂಡೆಗೆ ಹೋದರು. ಹೋಗಿ ಒಂದಷ್ಟು ಹೊತ್ತು ನಿಂತು ಕೂಗುವರು, ಬಂದು ಮಕ್ಕಳ ಹೊದಿಕೆ ಸರಿಪಡಿಸಿ ಮತ್ತೆ ಹೋಗುವರು. ಮೊಣಕಾಲು ನೋವಿನ ಆ ಹೆಂಗಸು ಬೆಳಗಾಗುವವರೆಗೆ ಎಷ್ಟು ಸಲ ಹೋಗಿ ಬಂದರೆಂದು ನಾನು ಎಣಿಸಲಿಲ್ಲ. ನಾಲ್ಕೈದು ಸಲ ನಾನೂ ಜೊತೆಗೆ ಹೋದೆ. ಉಳಿದಂತೆ ನನ್ನಿಂದ ಏಳಲೂ ಆಗಲಿಲ್ಲ.

ಆ ಹುಡುಗಿ ಎರಡು ಕವಲುಗಳ ನಡುವಿನ ದಿಬ್ಬದ ಮೇಲೆ, ಯಾರದೋ ಹೊಲದ ಗುಡಿಸಲಿನಲ್ಲಿದ್ದಳು. ನೀರಿನ ಸದ್ದಿಗೆ ಆಯಿಯ ಕೂಗು ಅವಳಿಗೆ ಕೇಳಿಸಿರಲಿಲ್ಲ. ಆದರೆ ದಂಡೆಯ ಮೇಲೆ ಬೆಳಕೊಂದು ಬರುತ್ತಾ ಹೋಗುತ್ತಾ ಇದ್ದದ್ದನ್ನು ಅವಳು ರಾತ್ರಿಯೆಲ್ಲ ನೋಡಿದ್ದಳು. ಒಂದೆರಡು ಸಲ ಕತ್ತಲಲ್ಲೇ ನೀರಿಗಿಳಿದು ದಾಟಿಬಿಡಬೇಕೆಂದು ಎದ್ದಿದ್ದಳಂತೆ, ಬೆಳಕು ಮತ್ತೆ ಬಂದದ್ದು ಕಂಡು ಕುಳಿತಳಂತೆ. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ತಿಂಗಳ ನಂತರ.

ಮುಂದಿನ ವಾರವೇ ಅವಳ ಅಪ್ಪ ಅವಳನ್ನು ಮತ್ತೆ ಶಾಲೆಗೆ ಕಳಿಸಿದರು. ಆ ಮನೆಗೆ ಹೋಗಿ ಮಾತಾಡುವ ಧೈರ್ಯ ನನಗೆ ಇರಲಿಲ್ಲ, ಹೋದವರು ಆಯಿ. ನಾಲ್ಕು ಕಿಲೋಮೀಟರ್ ನಡೆದು ಬಂದು, ಮಳೆಗಾಲ ಮುಗಿಯುವವರೆಗೆ ಹಳ್ಳ ಬಂದ ದಿನ ಮಕ್ಕಳು ತಮ್ಮ ಶೆಡ್ಡಿನಲ್ಲೇ ಉಳಿಯಲಿ, ತಮ್ಮ ಕಣ್ಣ ಮುಂದೆ ಇರುತ್ತಾರೆ ಎಂದು ಹೇಳಿ ಹೋದರು. ಕೊಟ್ಟ ಮಾತಿನಂತೆ ನಡೆದರು. ಬಸ್ಸಿನ ಅರ್ಜಿಗೆ ಮೊದಲ ಹೆಬ್ಬೆಟ್ಟು ಒತ್ತಿದವರೂ ಅವರೇ. ಬಸ್ಸು ಅವರ ಊರಿಗೆ ಬರುವುದಾಗಿರಲಿಲ್ಲ.

2024ರ ಜೂನಿನಿಂದ ವಸ್ತಿ ಬಸ್ಸು ಬರುತ್ತಿದೆ. ಸಂಜೆ ಬಂದು ರಾತ್ರಿ ನಮ್ಮೂರಲ್ಲೇ ನಿಂತು, ಬೆಳಿಗ್ಗೆ ಏಳೂವರೆಗೆ ಮಕ್ಕಳನ್ನು ಹತ್ತಿಸಿಕೊಂಡು ಹೊರಡುತ್ತದೆ. ಚಾಲಕರಿಗೂ ನಿರ್ವಾಹಕರಿಗೂ ಮನೆ ಸರದಿಯಂತೆ ಊಟ, ಸಮುದಾಯ ಭವನದಲ್ಲಿ ಹಾಸಿಗೆ ಕೊಡುತ್ತಿರುವ ಎಲ್ಲ ಮನೆಗಳಿಗೂ ನಾನು ಋಣಿ. ಓಡಿ ಬರುವ ಹುಡುಗಿಯನ್ನು ಕನ್ನಡಿಯಲ್ಲಿ ಕಂಡು ಎರಡು ನಿಮಿಷ ನಿಲ್ಲಿಸುವ ಆ ಚಾಲಕ ಅಣ್ಣನವರಿಗೂ. ಹಳ್ಳದ ಸೇತುವೆ ಇಂದಿಗೂ ತಗ್ಗಿನಲ್ಲೇ ಇದೆ, ನೀರು ಬಂದ ದಿನ ಬಸ್ಸೂ ನಿಲ್ಲುತ್ತದೆ; ಅದರ ಅರ್ಜಿ ಕೊಟ್ಟಿದ್ದೇವೆ, ಮುದ್ರೆ ಹಾಕಿಸಿಕೊಂಡಿದ್ದೇವೆ. ನೋಟ್‌ಬುಕ್ಕಿನ ಹುಡುಗ ಈಗ ಒಂಬತ್ತನೇ ತರಗತಿ, ಅದೇ ಬಸ್ಸಿಗೆ ಹೋಗುತ್ತಾನೆ. ಶಾಲೆ ಬಿಟ್ಟ ಮೇಲೆ ಸಂಜೆಯ ಬಸ್ಸು ಬರುವವರೆಗೆ ಮಕ್ಕಳು ಲೆಕ್ಕ ಮಾಡುತ್ತಾ ಕುಳಿತುಕೊಳ್ಳುವುದು ಆಯಿಯ ಶೆಡ್ಡಿನಲ್ಲೇ.

ಆಯಿ, ಇದನ್ನು ಮಕ್ಕಳು ನಿಮಗೆ ಓದಿ ಹೇಳುತ್ತಾರೆ. ಏಳು ಮನೆಯವರೂ ಸೇರಿ ನಿಶ್ಚಯ ಮಾಡಿದ್ದೇವೆ: ಈ ಸಲದ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ನೀವು ನಮ್ಮ ಹೊಲಕ್ಕೆ ಬರಬೇಕು. ಸಜ್ಜೆ ರೊಟ್ಟಿ, ಬಜ್ಜಿ ಎಲ್ಲ ನಾವೇ ಮಾಡುತ್ತೇವೆ, ಅವತ್ತು ನೀವು ಒಲೆಯ ಮುಂದೆ ಕೂಡುವಂತಿಲ್ಲ. ಹಿಂದಿನ ದಿನವೇ ಬನ್ನಿ, ನಡೆಯಬೇಡಿ. ಸಂಜೆ ಆರೂವರೆಗೆ ಕ್ರಾಸಿನಲ್ಲಿ ಬಸ್ಸಿದೆ.